ಬಚ್ಚಲಿಗಾಗಿ ಮನೆ ಕೆಡವಬೇಡಿ

ಮಲೆನಾಡು, ಕರಾವಳಿಯ ಹಳೆಯ ಮರದ ಮನೆಗಳ ಪಾಲುದಾರರಿಗೊಂದು ಬಹಿರಂಗ ಪತ್ರ

ಪ್ರಿಯ ಪಾಲುದಾರರೇ,

ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿದ್ದೀರಿ, ಕೆಲವರು ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಇದ್ದೀರಿ, ಇನ್ನು ಕೆಲವರು ಕಡಲಾಚೆ. ಊರಿನಲ್ಲಿ ಉಳಿದವರು ಒಬ್ಬಿಬ್ಬರು, ಅವರಿಗೂ ವಯಸ್ಸಾಗಿದೆ. ಮುತ್ತಜ್ಜನೋ ಅವರಪ್ಪನೋ ಕಟ್ಟಿಸಿದ ತೊಟ್ಟಿಮನೆಯೋ ಚೌಕಿಮನೆಯೋ ಒಂದರಲ್ಲಿ ನಿಮಗೆಲ್ಲರಿಗೂ ಪಾಲಿದೆ. ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದ್ದೀತು. ದೀಪಾವಳಿಗೋ ತಿಥಿಗೋ ಎಲ್ಲರೂ ಸೇರಿ, ಊಟ ಮುಗಿದು, ಎಲೆಯಡಿಕೆ ತಟ್ಟೆ ಬಂದ ಹೊತ್ತಿಗೆ ಯಾರೋ ಒಬ್ಬರು ಮಾತು ತೆಗೆದಿರುತ್ತಾರೆ: "ಈ ಮನೆ ಇಟ್ಕೊಂಡು ಏನ್ ಮಾಡೋದು? ಬೀಳಿಸಿ ಒಂದು ಆರ್‌ಸಿಸಿ ಹಾಕ್ಬಿಡೋಣ."

ಆ ಮಾತು ಇನ್ನೂ ತೀರ್ಮಾನವಾಗಿಲ್ಲ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಳೆಯ ಮನೆಗಳ ರಿಪೇರಿ ಮಾಡಿಸುವುದು, ಅವಕ್ಕೆ ಹೊಸ ಭಾಗ ಸೇರಿಸುವುದು ನನ್ನ ಕಸುಬು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಾಗರ, ಘಟ್ಟದ ಕೆಳಗೆ ಕುಂದಾಪುರ, ಕಾರ್ಕಳದ ಕಡೆಯೆಲ್ಲ ಓಡಾಡಿ ನಾನು ಕಂಡುಕೊಂಡದ್ದು ಇಷ್ಟೇ: ನಾನು ನೋಡನೋಡುತ್ತ ಕೆಡವಿಸಿಕೊಂಡ ಮನೆಗಳಲ್ಲಿ ಮರ ಕೆಟ್ಟು ನಿಲ್ಲಲಾರದೆ ಹೋದವು ಕಡಿಮೆ. ಹೆಚ್ಚಿನವು ಬಿದ್ದದ್ದು ಮಲಗುವ ಕೋಣೆಗೆ ತಾಗಿಕೊಂಡ ಬಚ್ಚಲು ಇಲ್ಲವೆಂಬ ಕಾರಣಕ್ಕೆ.

ಈ ಕಾರಣವನ್ನು ಹಗುರ ಮಾಡಿ ಹೇಳುತ್ತಿಲ್ಲ. ಎಂಬತ್ತು ದಾಟಿದ ಅಜ್ಜಿ ಆಷಾಢದ ನಡುರಾತ್ರಿ ಎದ್ದು, ಟಾರ್ಚು ಹಿಡಿದು, ಪಾಚಿಗಟ್ಟಿದ ಅಂಗಳ ದಾಟಿ ಹೋಗಬೇಕಾದ ಮನೆಯನ್ನು ಪರಂಪರೆ, ಸಂಸ್ಕೃತಿ ಎಂದು ಹೊಗಳುವವರು ಒಂದು ಮಳೆಗಾಲ ಅಲ್ಲಿದ್ದು ಬರಲಿ. ಕತ್ತಲೆ ಅಡುಗೆಮನೆಯಲ್ಲಿ ಹೊಗೆ ಕುಡಿದವರು, ಬಾವಿಯಿಂದ ನೀರು ಹೊತ್ತವರು, ವಾರಕ್ಕೊಮ್ಮೆ ಜಗಲಿ, ನಡುಮನೆ ಎಲ್ಲ ಸೆಗಣಿ ಸಾರಿಸಿದವರು ಹೆಂಗಸರು. ಹಳೆ ಮನೆ ಬೇಡ ಎಂಬ ಮಾತು ಮೊದಲು ಅವರ ಬಾಯಲ್ಲೇ ಬಂದರೆ ಅದಕ್ಕೆ ಪೂರ್ತಿ ನ್ಯಾಯವಿದೆ. ಕಂಬದ ಕೆತ್ತನೆ ಚಂದ ಎಂದು ಫೋಟೋ ಹಿಡಿಯುವ ಗಂಡಸರ ಮಾತಿಗಿಂತ ಅವರ ಮಾತಿಗೆ ತೂಕ ಹೆಚ್ಚು.

ಆದರೆ ಅವರು ಕೇಳುತ್ತಿರುವುದು ಏನು? ಒಂದು ಒಳ್ಳೆ ಬಚ್ಚಲು, ಬೆಳಕಿರುವ ಅಡುಗೆಮನೆ, ಬೀಗ ಹಾಕಿಕೊಳ್ಳಬಹುದಾದ ಎರಡು ಕೋಣೆ. ಇಷ್ಟಕ್ಕೆ ಬೇಕಾದ ಜಾಗ ಹಳೆಯ ಮನೆಯ ಕಾಲುಭಾಗವೂ ಇಲ್ಲ. ಅದನ್ನು ಕಟ್ಟಿಕೊಡಿ. ಅದಕ್ಕೋಸ್ಕರ ಉಳಿದ ಮುಕ್ಕಾಲನ್ನು ಜೆಸಿಬಿಗೆ ಒಪ್ಪಿಸುವುದು ಯಾವ ಲೆಕ್ಕ?

ತೊಟ್ಟಿಯ ಸುತ್ತ ನಿಂತ ಕಂಬಗಳನ್ನು ಒಂದು ಸಲ ಕೆಳಗಿಂದ ಮೇಲಕ್ಕೆ ನೋಡಿ. ಕೆಳಗೆ ಕಲ್ಲು, ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಗೆ ಹಲಗೆ ಹಾಸಿ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ. ಅದಕ್ಕೂ ಮೇಲೆ ಪಕಾಸು, ರೀಪು, ಹಂಚು. ಹಳೆಯ ಕೆಲಸವಾದರೆ ಇಷ್ಟರಲ್ಲಿ ಕಬ್ಬಿಣದ ಮೊಳೆ ಹುಡುಕಿದರೂ ಸಿಗುವುದು ಅಪರೂಪ. ಒಂದು ಮರದ ತುದಿ ಸಣ್ಣದು ಮಾಡಿ, ಇನ್ನೊಂದರಲ್ಲಿ ತೂತು ಕೊರೆದು ಕೂರಿಸಿ, ಬೆಣೆ ಹೊಡೆದು ಬಿಗಿ ಮಾಡಿದ್ದಾರೆ. ಬೆಣೆ ಬಿಚ್ಚಿದರೆ ಮರ ಬಿಚ್ಚುತ್ತದೆ. ಜಂಬಿಟ್ಟಿಗೆ ಗೋಡೆಯೋ ಮಣ್ಣಿನ ಗೋಡೆಯೋ ಸುತ್ತ ನಿಂತಿರುತ್ತದಾದರೂ ತೊಟ್ಟಿಯ ಕಡೆಯ ಭಾರವೆಲ್ಲ ಈ ಮರದ ಚೌಕಟ್ಟಿನ ಮೇಲೆ. ಇಂಥ ಮನೆಯಲ್ಲಿ ಒಂದು ಕಂಬ ಕೆಟ್ಟರೆ ಆ ಕಂಬ ಬದಲಾಯಿಸಬಹುದು, ಒಂದು ಪಕಾಸು ಕೆಟ್ಟರೆ ಆ ಪಕಾಸು. ನೀವು ಅದರ ಜಾಗದಲ್ಲಿ ಕಟ್ಟಬೇಕೆಂದಿರುವ ಆರ್‌ಸಿಸಿಯಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಸೀಳಿದರೆ ಏನು ಬದಲಾಯಿಸುತ್ತೀರಿ?

ಬಿಚ್ಚಿ ಮತ್ತೆ ಜೋಡಿಸಬಹುದು ಎಂಬುದು ಬಾಯಿಮಾತಲ್ಲ. ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ಬೀಳುವ ಮನೆಗಳನ್ನು ಒಂದೊಂದೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 1816ರಲ್ಲಿ ಕಟ್ಟಿದ ಕುಂಜೂರಿನ ಚೌಕಿಮನೆ ಇವತ್ತು ಅವರ ಹೆರಿಟೇಜ್ ವಿಲೇಜಿನಲ್ಲಿ ನಿಂತಿದೆ. ಇನ್ನೂರು ವರ್ಷ ಕಂಡ ಮನೆ ಲಾರಿ ಹತ್ತಿ ಇಳಿದು ಮತ್ತೆ ಮನೆಯಾಗುವುದಾದರೆ, ಇದ್ದಲ್ಲೇ ಇರುವ ನಿಮ್ಮ ಮನೆಯ ನಾಲ್ಕು ಕಂಬ ಸರಿಪಡಿಸುವುದು ದೊಡ್ಡ ವಿಷಯವೇನೂ ಅಲ್ಲ. ವಾರಾಂತ್ಯಕ್ಕೆ ಮಣಿಪಾಲಕ್ಕೋ ಕುಪ್ಪಳಿಯ ಕವಿಮನೆಗೋ ಮಕ್ಕಳನ್ನು ಕರೆದುಕೊಂಡು ಹೋಗಿ, ಟಿಕೆಟ್ ಕೊಟ್ಟು ತೊಟ್ಟಿ ತೋರಿಸಿ, ಸೋಮವಾರ ಸ್ವಂತ ತೊಟ್ಟಿ ಕೆಡವುವ ಕಾಗದಕ್ಕೆ ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ.

"ಹಳೆ ಮನೆಗೆ ಹೊಸದು ಸೇರಿಸಿದರೆ ಕೆಟ್ಟುಹೋಗುತ್ತದೆ, ಇಟ್ಟರೆ ಹಾಗೇ ಇಡಬೇಕು" ಎನ್ನುವವರೂ ನಿಮ್ಮಲ್ಲಿ ಇದ್ದಾರೆ. ಅವರಿಗೂ ಒಂದು ಮಾತು. ಆ ಮನೆ ಯಾವಾಗ ಹಾಗೇ ಇತ್ತು? ನಿಮ್ಮ ಮಾಡಿನ ಮೇಲಿರುವ ಮಂಗಳೂರು ಹಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಅದಕ್ಕೂ ಹಿಂದಿನ ಮನೆಯಾದರೆ ಅದರ ಮೇಲೆ ಮೊದಲು ಸೋಗೆಯೋ ಹುಲ್ಲೋ ಇತ್ತು, ಇಲ್ಲವೇ ನಾಡಹಂಚಿತ್ತು. ಆಮೇಲೆ ನಡುಮನೆಗೆ ಕೆಂಪು ಕಾವಿ ಬಂತು, ಕರೆಂಟು ಬಂತು, ಗ್ಯಾಸ್ ಬಂತು, ಅಟ್ಟದ ಮೇಲೆ ಸಿಂಟೆಕ್ಸ್ ಟ್ಯಾಂಕು ಕೂತಿತು. ಮಗಳ ಮದುವೆಗೆಂದು ಮುಂದಿನ ಜಗಲಿ ಉದ್ದ ಮಾಡಿದ್ದು, ಕೂಡು ಕುಟುಂಬ ಬೆಳೆದಾಗ ಹಿಂದೆ ಒಂದು ಅಂಕಣ ಸೇರಿಸಿದ್ದು ನಿಮ್ಮ ಮನೆಯಲ್ಲೂ ಹುಡುಕಿದರೆ ಸಿಗುತ್ತದೆ. ಬೋದಿಗೆಯ ಕೆತ್ತನೆ ಒಂದು ಸಾಲಿನಲ್ಲಿ ಒಂದು ಥರ, ಇನ್ನೊಂದು ಸಾಲಿನಲ್ಲಿ ಬೇರೆ ಥರ ಇದ್ದರೆ ಅಲ್ಲಿ ಎರಡು ಕಾಲದ ಕೈ ಇದೆ ಎಂದುಕೊಳ್ಳಿ.

ಈಗ ಕೆಲಸದ ಮಾತು. ಮೊದಲು ಮನೆ ನೋಡಿ. ಜನವರಿಯ ರಜೆಯಲ್ಲಿ ಬಂದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಎಲ್ಲ ಒಣಗಿ ಚೊಕ್ಕಟವಾಗಿ ಕಾಣುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಊರಿನಲ್ಲಿ ಅದರ ಅರ್ಧ ಬಿದ್ದರೂ ಸಾಕು, ಮನೆಯ ಕಾಯಿಲೆಯೆಲ್ಲ ಆಗ ಹೊರಗೆ ಬರುತ್ತದೆ. ಜುಲೈಯಲ್ಲಿ ಎರಡು ದಿನ ರಜೆ ಹಾಕಿ ಬನ್ನಿ. ಒಂದು ಟಾರ್ಚು, ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಮಳೆ ಹೊಯ್ಯುತ್ತಿರುವಾಗಲೇ ಅಟ್ಟ ಹತ್ತಿ, ದೀಪ ಆರಿಸಿ ಕೂತರೆ ಒಡೆದ ಹಂಚಿನ ಸಂದಿಯೆಲ್ಲ ಬೆಳಕಾಗಿ ಕಾಣುತ್ತದೆ. ನೀರು ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಆದರೆ ನೀರು ಬಿದ್ದ ಜಾಗದ ನೇರ ಮೇಲೆಯೇ ತೂತಿರುತ್ತದೆ ಎಂದಿಲ್ಲ. ಪಕಾಸು ಹಿಡಿದು ಜಾರಿ ಬಂದಿರುತ್ತದೆ, ಮೇಲಕ್ಕೆ ಅದರ ಜಾಡು ಹಿಡಿದು ಹೋಗಬೇಕು.

ಮರ ಕೆಡುವುದು ಹೆಚ್ಚಾಗಿ ಮೂರು ಕಡೆ. ಕಂಬದ ಬುಡ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ, ಎರಡು ಮಾಡು ಬಂದು ಕೂಡುವ ಮೂಲೆಯ ಅಡಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಂದೆರಡು ನೂಲು ಇಳಿದು ನಿಂತರೆ ಮೇಲ್ಮೈ ಮಾತ್ರ ಕೆಟ್ಟಿದೆ, ಒಳಗೆ ಗಟ್ಟಿ ಇದೆ. ಸಲೀಸಾಗಿ ಒಳಗೆ ಹೋದರೆ ಆ ಭಾಗ ಹೋಯಿತು. ಹಲಸು, ಹೊನ್ನೆ, ಬೋಗಿಯಂಥ ಮರಗಳಲ್ಲಿ ಹೊರಗಿನ ಬಿಳಿಭಾಗ ಪುಡಿಯಾಗಿದ್ದರೂ ತಿರುಳು ಕಲ್ಲಿನಂತಿರುವುದು ಸಾಮಾನ್ಯ. ಹೊರಗೆ ಪುಡಿ ಕಂಡ ಕೂಡಲೇ "ಪೂರ್ತಿ ಒರಲೆ ತಿಂದಿದೆ" ಎಂದು ತೀರ್ಪು ಕೊಡುವ ಕಂಟ್ರಾಕ್ಟರುಗಳಿದ್ದಾರೆ. ಹೊಸ ಮನೆಯ ಕಂಟ್ರಾಕ್ಟು ಯಾರಿಗೆ ಸಿಗುತ್ತದೆ ಎಂದು ಆ ಹೊತ್ತಿನಲ್ಲಿ ಒಮ್ಮೆ ಯೋಚಿಸಿ.

ಮರದಲ್ಲಿ ನೀರಿನಂಶ ನೂರಕ್ಕೆ ಇಪ್ಪತ್ತು ದಾಟಿದರೆ ಅಣಬೆಜಾತಿಯ ಕೊಳೆ ಹಿಡಿಯುತ್ತದೆ. ಅದರ ಕೆಳಗಿದ್ದರೆ ಕೊಳೆ ಹಿಡಿಯಲಾರದು. ಒಣಗಿಸಿ ಇಟ್ಟ ಮರಕ್ಕೆ ಸಾವಿಲ್ಲ ಎಂದು ಮರಗೆಲಸದ ಆಚಾರ್ರು ಹೇಳುವುದು ಇದನ್ನೇ. ಇಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಹಿಂದೆ ಅಡುಗೆ ಒಲೆಯ, ಬಚ್ಚಲ ಒಲೆಯ ಹೊಗೆ ದಿನಾ ಮಾಡಿಗೆ ಏರುತ್ತಿತ್ತು. ಪಕಾಸು, ರೀಪೆಲ್ಲ ಕರಿ ಹಿಡಿದು ಮಿಂಚುತ್ತಿದ್ದವು. ಮಳೆಗಾಲದಲ್ಲೂ ಅಟ್ಟ ಬೆಚ್ಚಗೆ ಒಣಗಿರುತ್ತಿತ್ತು, ಹುಳ ಹತ್ತುತ್ತಿರಲಿಲ್ಲ. ಗ್ಯಾಸ್ ಬಂದು ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು, ಅದು ಆಗಬೇಕಾದದ್ದೇ. ಆದರೆ ಹೊಗೆ ನಿಂತ ಮೇಲೆ ಮಾಡಿನ ಮರ ತೇವ ಹಿಡಿಯತೊಡಗಿತು, ಕುಟ್ಟೆ ಹಿಡಿಯಿತು. ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಗಾಳಿ ಮಾಡಬೇಕು. ಅಟ್ಟದ ಕಿಂಡಿಗಳನ್ನು ಇಲಿ ಬರುತ್ತದೆಂದು ಹಲಗೆ ಹೊಡೆದು ಮುಚ್ಚಿದ್ದರೆ ತೆಗೆದು ಬಲೆ ಹಾಕಿ. ಖಾಲಿ ಮನೆಯಾದರೆ ವಾರಕ್ಕೊಮ್ಮೆ ಯಾರಾದರೂ ಬಂದು ಬಾಗಿಲು ಕಿಟಕಿ ತೆರೆದು ಸಂಜೆವರೆಗೆ ಇದ್ದು ಹೋಗುವ ಏರ್ಪಾಡು ಮಾಡಿ. ಬೀಗ ಹಾಕಿದ ಮನೆ ಹಾಳಾಗುವಷ್ಟು ಬೇಗ ಜನ ಇರುವ ಮನೆ ಹಾಳಾಗುವುದಿಲ್ಲ.

ರಿಪೇರಿಗೆ ಕೈ ಹಾಕಿದರೆ ಮಾಡಿನಿಂದ ಶುರು ಮಾಡಿ. ಮೇಲೆ ಸೋರುತ್ತಿರುವಾಗ ಕೆಳಗೆ ಕಂಬಕ್ಕೆ ಪಾಲಿಶ್ ಹೊಡೆಸುವುದು ದುಡ್ಡು ದಂಡ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹಂಚು ಕೈಯಾಡಿಸುವ ಪದ್ಧತಿ ಇತ್ತಲ್ಲ, ಅದು ತಪ್ಪಿದ ವರ್ಷದಿಂದಲೇ ನಿಮ್ಮ ಮನೆಯ ಕೇಡು ಶುರುವಾಗಿದೆ. ಕೈಯಾಡಿಸುವವರು ಸಿಗುವುದಿಲ್ಲ, ಮಂಗಗಳು ಉಳಿಸುವುದಿಲ್ಲ ಎಂಬ ದೂರು ನನಗೂ ಗೊತ್ತು. ಮಂಗನ ಕಾಟ ತಡೆಯಲಾರದೆ ಹಂಚು ತೆಗೆದು ತಗಡು ಹೊದಿಸಿದವರನ್ನು ನಾನು ಬೈಯುವುದಿಲ್ಲ. ಹಾಕುವುದಿದ್ದರೆ ಹಂಚು ಹಾಗೇ ಇಟ್ಟು, ಮೇಲೆ ಗೇಣು ಎತ್ತರ ಬಿಟ್ಟು, ನಡುವೆ ಗಾಳಿ ಆಡುವ ಹಾಗೆ ಹಾಕಿ. ತಗಡನ್ನು ಪಕಾಸಿಗೆ ಅಂಟಿಸಿ ಹೊಡೆದರೆ ಚಳಿಗಾಲದ ಬೆಳಗ್ಗೆ ಅದರ ಅಡಿ ಬೆವರಿದ ನೀರೆಲ್ಲ ಮರಕ್ಕೇ ಇಳಿಯುತ್ತದೆ.

ಕಂಬದ ಬುಡ ಕೆಟ್ಟಾಗ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜನ ಹೆದರುವುದು ಇಲ್ಲೇ. ಕೊಪ್ಪದ ಕಡೆಯ ಒಂದು ಮನೆಯಲ್ಲಿ ತೊಟ್ಟಿಯ ಬಡಗು ಮೂಲೆಯ ಕಂಬ ಕೆಳಗಿನ ಒಂದೂವರೆ ಅಡಿ ಕೊಳೆತಿತ್ತು. ಅಂಗಳ ಎತ್ತರಿಸಿ ಸಿಮೆಂಟು ಹಾಕಿಸಿದಾಗ ಕಂಬದ ಕಲ್ಲು ಮುಚ್ಚಿಹೋಗಿ, ಮರವೇ ನೀರಿನಲ್ಲಿ ನಿಂತಿತ್ತು. ಮೊದಲು ಮೂಲೆಯ ಹಂಚು ಇಳಿಸಿ ಭಾರ ಕಡಿಮೆ ಮಾಡಿದೆವು. ಆಮೇಲೆ ಕಂಬದ ಎರಡೂ ಬದಿಗೆ ತೊಲೆಯ ಅಡಿಗೆ ಆಧಾರ ಕೊಟ್ಟು, ಲಾರಿಗೆ ಬಳಸುವ ಸ್ಕ್ರೂ ಜಾಕಿ ಇಟ್ಟು ತಿರುಗಿಸಿದ್ದು. ಮೇಲಕ್ಕೆತ್ತುವುದಕ್ಕಲ್ಲ, ಭಾರ ಹೊರುವುದಕ್ಕೆ. ಕಂಬದ ಬುಡಕ್ಕೂ ಕಲ್ಲಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದಿ ಕಂಡ ತಕ್ಷಣ ಆಚಾರ್ರು ಜಾಕಿ ನಿಲ್ಲಿಸಿ ಅಂದರು. ಅದಕ್ಕಿಂತ ಹೆಚ್ಚು ಎತ್ತಿದರೆ ಮೇಲಿನ ಜೋಡಣೆಗಳೆಲ್ಲ ಸೀಳುತ್ತವೆ. ಕೊಳೆತದ್ದನ್ನು ನೇರ ಅಡ್ಡಕ್ಕೆ ಕತ್ತರಿಸಲಿಲ್ಲ. ಒಳ್ಳೆಯ ಮರದೊಳಕ್ಕೂ ಸ್ವಲ್ಪ ಹೋಗಿ, ಕಂಬದ ದಪ್ಪದ ಮೂರು ಪಟ್ಟು ಉದ್ದಕ್ಕೆ ಅರ್ಧಕ್ಕರ್ಧ ಸೀಳಿದ ಹಾಗೆ ಮೆಟ್ಟಿಲು ಕತ್ತರಿಸಿದರು. ಹಳೆ ಹಲಸಿನ ತುಂಡನ್ನು ಅದಕ್ಕೆ ಎದುರಾಗಿ ಕೆತ್ತಿ, ಸುಣ್ಣದ ಪುಡಿ ಸವರಿ ಕೂರಿಸಿ ನೋಡುವುದು, ಪುಡಿ ಅಂಟಿದ ಕಡೆ ಉಳಿಯಲ್ಲಿ ಕೆರೆಯುವುದು, ಮತ್ತೆ ಕೂರಿಸುವುದು. ಎರಡೂ ಪೂರ್ತಿ ಕಚ್ಚಿಕೊಳ್ಳುವವರೆಗೆ ಹೀಗೇ. ಕೊನೆಗೆ ಗಟ್ಟಿ ಮರದ ಗೂಟ ಹೊಡೆದು ಜಾಕಿ ಇಳಿಸಿದರು. ಕಂಬ ಕಲ್ಲಿನ ಮೇಲೆ ಕೂತಾಗ ಒಂದು ಸಣ್ಣ ಕಿರ್ರೆಂಬ ಸದ್ದು, ಅಷ್ಟೇ. ಹೊಸ ತುಂಡಿಗೆ ಬಣ್ಣ ಬಳಿದು ಹಳೆಯದರ ಹಾಗೆ ಮಾಡಿ ಎಂದು ಮನೆಯವರು ಕೇಳಿದ್ದಕ್ಕೆ ಆಚಾರ್ರು ಒಪ್ಪಲಿಲ್ಲ. ಎಲ್ಲಿ ಕೈ ಹಾಕಿದ್ದು ಎಂದು ಮುಂದಿನವನಿಗೆ ಗೊತ್ತಾಗಬೇಕಲ್ಲ, ಅಂದರು.

ಕಲ್ಲಿನ ಸುತ್ತ ಅಂಗಳದ ಸಿಮೆಂಟು ಒಡೆದು ತೆಗೆದದ್ದು ಈ ಕೆಲಸದ ಮುಖ್ಯ ಭಾಗ. ಅದನ್ನು ಬಿಟ್ಟಿದ್ದರೆ ಹೊಸ ಬುಡವೂ ಕೊಳೆಯುತ್ತಿತ್ತು.

ಸಿಮೆಂಟಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಹಳೆಯ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ನೆಲದಿಂದ ಒಂದಷ್ಟು ತೇವ ಎಳೆಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತದೆ. ಅಂಥ ಗೋಡೆಗೆ ಸಿಮೆಂಟು ಗಾರೆ ಮಾಡಿ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಯುವುದು ಮಳೆಯಲ್ಲಿ ನೆಂದವನಿಗೆ ಒದ್ದೆ ಅಂಗಿಯ ಮೇಲೇ ರೇನ್‌ಕೋಟು ತೊಡಿಸಿದ ಹಾಗೆ. ಹೊರಗೆ ನೋಡಲು ಒಣಗಿದೆ, ಒಳಗೆ ನೀರು ಹೋಗಲು ಜಾಗವಿಲ್ಲದೆ ತೊಲೆಯ ತುದಿ ಹುಡುಕಿಕೊಂಡು ಹೋಗುತ್ತದೆ. ಗೋಡೆ ಗಟ್ಟಿಯಾಗಲಿ ಎಂದು ಒಳ್ಳೆ ಮನಸ್ಸಿನಿಂದ ಮಾಡಿಸಿದ ಈ ಗಾರೆ ಒರಲೆಗಿಂತ ಹೆಚ್ಚು ತೊಲೆಗಳನ್ನು ತಿಂದಿದೆ ಎಂಬುದು ನನ್ನ ಅನುಭವ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಅದಕ್ಕೆ ಸಮಯ ಕೊಡಬೇಕು. ಗೃಹಪ್ರವೇಶದ ಮುಹೂರ್ತ ಮೊದಲು ಗೊತ್ತುಮಾಡಿ ಸುಣ್ಣದ ಕೆಲಸ ಶುರು ಮಾಡುವವರಿಗೆ ಇದು ಹೊಂದುವುದಿಲ್ಲ.

ಮರಕ್ಕೆ ಎನಾಮೆಲ್ ಬಣ್ಣ ಬೇಡ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಿದ್ದ ಗೇರೆಣ್ಣೆ ಹುಳಕ್ಕೆ ಒಳ್ಳೆಯದು, ಆದರೆ ಚರ್ಮ ಸುಡುತ್ತದೆ, ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಮಳೆ ತಾಗದ ಒಳಗಿನ ಮರಕ್ಕೆ ಬೊರಾಕ್ಸ್, ಬೋರಿಕ್ ಆಮ್ಲದ ನೀರು ಸಾಕು. ಹೊಸ ಮರ ಬೇಕಾದರೆ ಮೊದಲು ಕೆಡವಿದ ಮನೆಗಳ ಹಳೆ ಮರ ಹುಡುಕಿ, ಅದು ಒಣಗಿ ಎಳೆದಾಟ ಮುಗಿಸಿರುತ್ತದೆ. ತೋಟದ ಅಂಚಿನ ಮರವನ್ನೇ ಕಡಿಯುವುದಾದರೆ, ಸ್ವಂತ ಜಾಗದ್ದಾದರೂ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಇದೆ, ಜಾತಿ ನೋಡಿಕೊಂಡು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಹಳೆಯ ವೈರಿಂಗ್ ಇದ್ದರೆ ಪೂರ್ತಿ ತೆಗೆಸಿ. ಮರದ ಮನೆಗೆ ಒರಲೆಗಿಂತ ದೊಡ್ಡ ಶತ್ರು ಬೆಂಕಿ.

ಇನ್ನು ಬಚ್ಚಲು. ಎಲ್ಲಿ ಕಟ್ಟಬೇಕು ಎಂದು ಕೇಳಿದರೆ ನನ್ನ ಉತ್ತರ ಹೆಚ್ಚಾಗಿ ಒಂದೇ: ಕೊಟ್ಟಿಗೆಯ ಜಾಗದಲ್ಲಿ. ದನ ಸಾಕುವವರು ಕಡಿಮೆಯಾಗಿದ್ದಾರೆ, ಕೊಟ್ಟಿಗೆ ಸ್ಕೂಟರು, ಗೊಬ್ಬರದ ಚೀಲ, ಮುರಿದ ಮಂಚದ ಉಗ್ರಾಣವಾಗಿದೆ. ಅದು ಮನೆಗೆ ಹತ್ತಿರದಲ್ಲಿದೆ, ನೀರು ತಗ್ಗಿಗೆ ಹರಿದುಹೋಗುವ ಇಳಿಜಾರು ಅಲ್ಲಿ ಮೊದಲಿಂದಲೂ ಇದೆ, ಮಾಡೂ ಬೇರೆಯೇ. ಅಲ್ಲಿ ಎರಡು ಕೋಣೆ, ಎರಡು ಬಚ್ಚಲು, ಒಂದು ಬೆಳಕಿನ ಅಡುಗೆಮನೆ ಕಟ್ಟಿ. ಕಾಂಕ್ರೀಟಿನಲ್ಲೇ ಕಟ್ಟಿ, ಟೈಲ್ಸ್ ಹಾಕಿ, ಗೀಸರ್ ಇಡಿ, ಅಜ್ಜಿಗೆ ಹಿಡಿದುಕೊಳ್ಳಲು ಸರಳು ಹಾಕಿ. ಹಳೆ ಮನೆಯಿಂದ ಅಲ್ಲಿಗೆ ಮೆಟ್ಟಿಲಿಲ್ಲದ, ಮೇಲೆ ಹಂಚಿರುವ ಒಂದು ಪಡಸಾಲೆ. ಒಳಗಿಂದ ಒಳಗೇ ನಡೆದು ಹೋಗಬಹುದು, ಮಳೆಗೆ ತಲೆಯೊಡ್ಡಬೇಕಿಲ್ಲ.

ಈ ಪಡಸಾಲೆ ಬಹಳ ಮುಖ್ಯ. ಹೊಸ ಭಾಗವನ್ನು ಹಳೆಯ ಗೋಡೆಗೆ ಅಂಟಿಸಿ ಕಟ್ಟಿದರೆ ಎರಡರ ತಳಪಾಯ ಬೇರೆ ಬೇರೆ ಥರ ಕೂರುತ್ತವೆ, ಸೇರಿದ ಕಡೆ ಬಿರುಕು ಬಿಡುತ್ತದೆ. ಎರಡು ಮಾಡು ಒಂದಕ್ಕೊಂದು ಎದುರಾಗಿ ಇಳಿದು ನಡುವೆ ದೋಣಿ ಬಂದರೆ, ಅದರಲ್ಲಿ ಎಲೆ ಕಟ್ಟಿಕೊಂಡ ಮೊದಲ ಮಳೆಗೇ ನೀರು ಒಳಗೆ. ಹೊಸ ಮಾಡಿನ ನೀರು ಹಳೆಯ ಮನೆಯ ಕಡೆ ಬೀಳಲೇಬಾರದು. ಹಂಚು ಹೊದಿಸುವುದಾದರೆ ಇಳಿಜಾರು 30 ಡಿಗ್ರಿಗಿಂತ ಕಡಿಮೆ ಮಾಡಬೇಡಿ, ನಮ್ಮ ಕಡೆಯ ಗಾಳಿಮಳೆ ಹಂಚಿನ ಅಡಿಗೆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಹೊಸ ಭಾಗ ಹಳೆಯದಕ್ಕಿಂತ ಎತ್ತರವೂ ಬೇಡ. ನಡುಮನೆಯ ಒಂದು ಮೂಲೆಯನ್ನೇ ಕತ್ತರಿಸಿ ಅಟ್ಯಾಚ್ಡ್ ಬಾತ್‌ರೂಮ್ ಮಾಡುವ ಉಪಾಯ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಮರದ ಚೌಕಟ್ಟಿನ ಒಳಗೆ ದಿನಾ ನೀರು ಸುರಿಯುವ ಕೋಣೆ ಇಟ್ಟರೆ, ಪೈಪು ಸೋರಿದ್ದು ಗೊತ್ತಾಗುವ ಹೊತ್ತಿಗೆ ಕಂಬ ಹೋಗಿರುತ್ತದೆ.

ಹೊಸ ಭಾಗ ಹೇಗೆ ಕಾಣಬೇಕು? ಹೊಸದಾಗಿಯೇ ಕಾಣಲಿ. ಸಿಮೆಂಟಿನ ಕಂಬಕ್ಕೆ ಮರದ ಬಣ್ಣ ಹೊಡೆದು, ಗೆರೆ ಎಳೆದು, ಬೋದಿಗೆಯ ಆಕಾರದ ಪ್ಲಾಸ್ಟರ್ ಮುದ್ದೆ ಮೆತ್ತುವ ಹೊಸ ಶೋಕಿ ಇದೆ. ಪಕ್ಕದಲ್ಲಿ ನಿಜವಾದ ಕಂಬ ನಿಂತಿರುವಾಗ ಅದನ್ನು ನೋಡಲು ನಾಚಿಕೆಯಾಗುತ್ತದೆ. ಹಳೆಯ ಕಟ್ಟಡಕ್ಕೆ ಸೇರಿಸಿದ್ದು ಹೊಂದಿಕೊಳ್ಳಬೇಕು, ಆದರೆ ಹಳೆಯದೆಂದು ಮೋಸ ಮಾಡಬಾರದು ಎಂದು 1964ರ ವೆನಿಸ್ ಸನ್ನದು ಹೇಳುವುದೂ ನಮ್ಮ ಆಚಾರ್ರು ಹೇಳಿದ್ದೂ ಒಂದೇ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೆ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು 1877ರಲ್ಲಿ. ಅಲ್ಲಿನ ನ್ಯಾಷನಲ್ ಟ್ರಸ್ಟ್ ಮೊಟ್ಟಮೊದಲು ಕೊಂಡ ಕಟ್ಟಡ ಅರಮನೆಯಲ್ಲ, ಸಸೆಕ್ಸಿನ ಆಲ್ಫ್ರಿಸ್ಟನ್ ಎಂಬ ಹಳ್ಳಿಯ ಒಂದು ಹುಲ್ಲುಮಾಡಿನ ಮನೆ, ಹದಿನಾಲ್ಕನೆಯ ಶತಮಾನದ ಮರದ ಚೌಕಟ್ಟಿನದು. ಬೀಳುವ ಹಾಗಿದ್ದ ಅದನ್ನು 1896ರಲ್ಲಿ 10 ಪೌಂಡಿಗೆ ಕೊಂಡರು. ಇವತ್ತಿಗೂ ನಿಂತಿದೆ. ಅಲ್ಲಿ ಮಳೆ ನಮ್ಮಷ್ಟಿಲ್ಲ, ಒರಲೆಯೂ ಇಲ್ಲ, ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ನಿಗಾ ಹೆಚ್ಚು ಬೇಕು ಎನ್ನುವುದಕ್ಕೆ ಅದು ಕಾರಣವಾದೀತೇ ಹೊರತು ಕೆಡವುವುದಕ್ಕಲ್ಲ.

ಇಷ್ಟೆಲ್ಲ ಹೇಳಿ ನಿಜವಾದ ತೊಡಕನ್ನು ಕೊನೆಗಿಟ್ಟಿದ್ದೇನೆ. ಮರಕ್ಕೆ ಮದ್ದಿದೆ, ದಾಯಾದಿಗಳಿಗೆ ಮದ್ದು ಕಷ್ಟ. ಅಣ್ಣತಮ್ಮಂದಿರು ಪಾಲಾಗುವಾಗ ತೊಟ್ಟಿಯ ನಟ್ಟನಡುವೆ ಗೋಡೆ ಎಬ್ಬಿಸಿದ ಮನೆಗಳನ್ನು ನೀವೂ ಕಂಡಿದ್ದೀರಿ. ಆ ಗೋಡೆ ಕಟ್ಟಿದ ದಿನ ಒಂದು ಬದಿಗೆ ಬೆಳಕು ಹೋಗುತ್ತದೆ, ಇನ್ನೊಂದು ಬದಿಗೆ ನೀರು ಹೋಗುವ ದಾರಿ ಹೋಗುತ್ತದೆ. ಒಬ್ಬರು ತಮ್ಮ ಪಾಲಿನ ಹಂಚು ಕೈಯಾಡಿಸುತ್ತಾರೆ, ಇನ್ನೊಬ್ಬರು ಇಲ್ಲ. ಮಳೆಗೆ ಪಾಲುಪಟ್ಟಿ ಗೊತ್ತಿಲ್ಲ. ಮಧ್ಯದ ತೊಲೆ ಕೊಳೆತರೆ ಅದು ಯಾರದ್ದು ಎಂದು ವಕೀಲರ ಕಚೇರಿಯಲ್ಲಿ ಮಾತಾಡುತ್ತ ಕೂತವರನ್ನು ಬಲ್ಲೆ. ಅಷ್ಟರಲ್ಲಿ ತೊಲೆಯೇ ತೀರ್ಪು ಕೊಟ್ಟಿತ್ತು.

ಹೆಣ್ಣುಮಕ್ಕಳನ್ನು ಕರೆದು ಕೂರಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವರಿಗೂ ಸಮ ಪಾಲಿದೆ, ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಇನ್ನೊಮ್ಮೆ ಸ್ಪಷ್ಟಪಡಿಸಿದೆ. ಅವರನ್ನು ಬಿಟ್ಟು ಮಾಡಿದ ಯಾವ ತೀರ್ಮಾನವೂ ನಾಳೆ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ತವರಿನ ಮನೆ ಉಳಿಯಲಿ ಎಂದು ಕೈಯಿಂದ ದುಡ್ಡು ಹಾಕಿದ ಅತ್ತೆ, ಅಕ್ಕಂದಿರನ್ನು ನಾನು ಕಂಡಷ್ಟು ಗಂಡುಮಕ್ಕಳನ್ನು ಕಂಡಿಲ್ಲ. ತುಳುನಾಡಿನ ಗುತ್ತಿನ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಅಳಿಯಸಂತಾನದಲ್ಲಿ ಮನೆ ನಡೆದುಬಂದದ್ದೇ ಹೆಣ್ಣಿನ ಕಡೆಯಿಂದ, ಪಾಲುದಾರರು ಎಷ್ಟೇ ಇದ್ದರೂ ವರ್ಷದ ಭೂತಕ್ಕೆ ಎಲ್ಲರೂ ಬಂದು ಸೇರುತ್ತಾರೆ. ಖರ್ಚಿನ ಮಾತು ಆಡಲು ಅದಕ್ಕಿಂತ ಒಳ್ಳೆ ದಿನ ಇಲ್ಲ.

ಒಬ್ಬರು ಉಳಿದವರ ಪಾಲು ಕೊಳ್ಳಲು ಸಿದ್ಧರಿದ್ದರೆ ಕೊಟ್ಟುಬಿಡಿ, ನೋಂದಣಿ ಮಾಡಿಸಿ. ಇಲ್ಲದಿದ್ದರೆ ಜಮೀನು, ತೋಟ ಪಾಲು ಮಾಡಿಕೊಂಡು ಮನೆಯನ್ನು ಮಾತ್ರ ಒಟ್ಟಾಗಿ ಇಟ್ಟುಕೊಂಡು, ವರ್ಷಕ್ಕೆ ಯಾರು ಎಷ್ಟು ಹಾಕಬೇಕು, ಯಾರು ನೋಡಿಕೊಳ್ಳಬೇಕು, ಯಾವ ಕೋಣೆ ಯಾರಿಗೆ ಎಂದು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಬಾಯಿಮಾತಿನಲ್ಲಿ ಮುಗಿಸಬೇಡಿ. ಮನೆ ನೋಡಿಕೊಳ್ಳುವವರಿಗೆ ಸಂಬಳ ಕೊಡಿ, ಊರಿನಲ್ಲಿರುವ ತಮ್ಮನೇ ಆದರೂ ಕೊಡಿ. ಊರಲ್ಲಿದ್ದಾನೆ, ಬಿಟ್ಟಿ ನೋಡಿಕೊಳ್ಳುತ್ತಾನೆ ಎಂಬ ಲೆಕ್ಕದಲ್ಲಿ ಹಾಳಾದ ಮನೆಗಳೂ ಸಂಬಂಧಗಳೂ ಬಹಳ.

ಉಳಿಸಲಾರದ ಮನೆಗಳೂ ಇವೆ. ವರ್ಷಗಟ್ಟಲೆ ಮಾಡಿಲ್ಲದೆ ನೆನೆದು ಮುಖ್ಯ ತೊಲೆಗಳೆಲ್ಲ ಹೋದದ್ದು, ಗುಡ್ಡ ಜರಿದು ತಳಪಾಯವೇ ಸರಿದದ್ದು, ಪಾಲುದಾರರಲ್ಲಿ ಒಬ್ಬರಿಗೂ ಬೇಡವಾದದ್ದು. ಅಂಥದ್ದನ್ನು ಹಿಡಿದುಕೊಂಡು ಅಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಆಗಲೂ ಜೆಸಿಬಿ ಬೇಡ. ಮೊದಲು ಅಳತೆ ತೆಗೆದು, ಪ್ರತಿ ಕೋಣೆಯ ಫೋಟೋ ತೆಗೆದು, ಮರಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಆಚಾರ್ರನ್ನು ಕರೆದು ಬೆಣೆ ಬಿಚ್ಚಿಸಿ. ಘನ ಅಡಿ ಲೆಕ್ಕದಲ್ಲಿ ಕಂಬ ಕೊಳ್ಳಲು ಬರುವ ದಲ್ಲಾಳಿ ಒಟ್ಟು ಮನೆಗೆ ಒಂದು ರೇಟು ಹೇಳಿ ಮುಗಿಸಲು ನೋಡುತ್ತಾನೆ. ಹೆಬ್ಬಾಗಿಲು, ಬೋದಿಗೆ, ತೊಲೆ ಬೇರೆ ಬೇರೆ ಕೇಳಿ. ಅದಕ್ಕೂ ಮೊದಲು ಅಕ್ಕಪಕ್ಕದ ಊರಿನಲ್ಲಿ ಹಳೆ ಮನೆ ರಿಪೇರಿ ಮಾಡಿಸುತ್ತಿರುವವರು ಇದ್ದಾರೋ ವಿಚಾರಿಸಿ. ಅವರಿಗೆ ನಿಮ್ಮ ಹಲಸಿನ ತೊಲೆ ಬೆಂಗಳೂರಿನ ರೆಸ್ಟೋರೆಂಟಿಗಿಂತ ಹೆಚ್ಚು ಬೇಕಾಗಿದೆ.

ಈಗಾಗಲೇ ಜೆಸಿಬಿಯವನಿಗೆ ಮುಂಗಡ ಕೊಟ್ಟಿದ್ದರೆ ಫೋನು ಮಾಡಿ ಒಂದು ಮಳೆಗಾಲ ಮುಂದಕ್ಕೆ ಹಾಕಿ. ಆ ದುಡ್ಡಿನಲ್ಲಿ ಈ ಮೇ ತಿಂಗಳೊಳಗೆ ಹಂಚು ಕೈಯಾಡಿಸಿ, ಜುಲೈಯಲ್ಲಿ ಟಾರ್ಚು ಹಿಡಿದು ಅಟ್ಟ ಹತ್ತಿ. ಕೆಡವುವುದೋ ಬೇಡವೋ ಎಂದು ಎಲ್ಲರೂ ಕೂತು ಮಾತಾಡುವುದು ಅದಾದ ಮೇಲೆ ಇರಲಿ.

ಇತಿ,
ನಿಮ್ಮಂಥದೇ ಒಂದು ಮನೆಯಲ್ಲಿ ಏಳನೇ ಒಂದು ಪಾಲಿರುವವನು